ಸೋಡಿಯಂ ಎಲ್ಲಿಗೆ ಹೋಯಿತು? ಕಾಗದದ ಕಾರ್ಖಾನೆಯಲ್ಲಿ ಕಲಿತದ್ದು



100 ಕಿಲೋ ಒಣ ಕಟ್ಟಿಗೆಯನ್ನು ಕಾಗದದ ಕಾರ್ಖಾನೆಗೆ ಹಾಕಿದರೆ 45ರಿಂದ 50 ಕಿಲೋ ತಿರುಳು ಸಿಗುತ್ತದೆ. ಉಳಿದ ಪಾಲು ನಿಮ್ಮ ಕೈಗೆ ಬರುವ ನೋಟ್‌ಬುಕ್ಕಿನಲ್ಲಿ ಇರುವುದಿಲ್ಲ. ಅದು ಎಲ್ಲಿಗೆ ಹೋಯಿತು, ಅದರೊಡನೆ ಬೆರೆತ ರಾಸಾಯನಿಕ ಎಲ್ಲಿಗೆ ಹೋಯಿತು ಎಂದು ಹುಡುಕುವುದರಲ್ಲಿ ನನ್ನ ನೌಕರಿಯ ಬಹುಪಾಲು ಕಳೆಯಿತು. ಕಾಗದವನ್ನು ಯಂತ್ರ ಮಾಡುತ್ತದೆ. ಕೆಮಿಕಲ್ ಎಂಜಿನಿಯರಿಗೆ ಸಂಬಳ ಕೊಡುವುದು ಆ ಉಳಿದ ಅರ್ಧಕ್ಕೆ.

ವೃತ್ತಿಜೀವನದಲ್ಲಿ ಕಲಿತದ್ದನ್ನು ಹೇಳಿರಿ ಎಂದು ಸಂಘಟಕರು ಕೇಳಿದ್ದಾರೆ. ಬಡ್ತಿ ಹೇಗೆ ಸಿಗುತ್ತದೆ, ಸಂದರ್ಶನದಲ್ಲಿ ಹೇಗೆ ಕೂರಬೇಕು ಎಂಬುದನ್ನು ಹೇಳಲು ಬೇರೆಯವರಿದ್ದಾರೆ. ನಾನು ಒಂದು ಧಾತುವಿನ ಬೆನ್ನು ಹತ್ತಿ ಮಾತಾಡುತ್ತೇನೆ. ಅದರ ಹೆಸರು ಸೋಡಿಯಂ. ಅಡುಗೆ ಉಪ್ಪಿನಲ್ಲಿದೆ, ಡೋಣಿ ಹೊಳೆಯ ಸವಳು ನೀರಿನಲ್ಲಿದೆ, ಕಾಗದದ ಕಾರ್ಖಾನೆಯ ಪ್ರತಿಯೊಂದು ಕೊಳವೆಯಲ್ಲೂ ಇದೆ. ನಾನು ಸಿಂದಗಿ ತಾಲೂಕಿನ ಒಣಬೇಸಾಯದ ಮನೆಯವನು. ಕಾರ್ಖಾನೆಯಲ್ಲಿ ಕಲಿತದ್ದಕ್ಕೂ ಈ ಎರೆಭೂಮಿಗೂ ಇರುವ ಸಂಬಂಧ ನನಗೆ ತಡವಾಗಿ ತಿಳಿಯಿತು. ನಿಮಗೆ ಬೇಗ ತಿಳಿಯಲಿ ಎಂಬುದೇ ಈ ಉಪನ್ಯಾಸದ ಉದ್ದೇಶ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳನ್ನು ನಾಲ್ಕು ತಾಲೂಕು ಎಂದಾಗಲೆಲ್ಲ ನಾನು ಹಳೆಯ ಗಡಿಯನ್ನೇ ಹಿಡಿಯುತ್ತೇನೆ. ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಎಲ್ಲವೂ ಅದರಲ್ಲಿ ಸೇರಿವೆ.

ಮೊದಲು ಕೆಲಸ ಏನೆಂದು ಹೇಳಬೇಕು. ಗಿಡದ ನಾರುಗಳನ್ನು ಲಿಗ್ನಿನ್ ಎಂಬ ಪದಾರ್ಥ ಹಿಡಿದು ಕೂಡಿಸಿರುತ್ತದೆ. ಕಟ್ಟಿಗೆಯಲ್ಲಿ ಅದು ಸುಮಾರು ಕಾಲು ಭಾಗ. ನಾರು ಬಿಡಿಬಿಡಿಯಾಗಬೇಕಾದರೆ ಲಿಗ್ನಿನ್ ಕರಗಬೇಕು. ಅದಕ್ಕಾಗಿ ಕಟ್ಟಿಗೆಯ ಚಕ್ಕೆಗಳನ್ನು ಡೈಜೆಸ್ಟರ್ ಎಂಬ ಎತ್ತರದ ಉಕ್ಕಿನ ಪಾತ್ರೆಯಲ್ಲಿ ತುಂಬಿ, ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡಿನ ದ್ರಾವಣ ಹಾಕಿ, ಒತ್ತಡದಲ್ಲಿ 160ರಿಂದ 170 ಡಿಗ್ರಿ ಶಾಖಕ್ಕೆ ಬೇಯಿಸುತ್ತಾರೆ. ಜರ್ಮನ್ ರಸಾಯನಶಾಸ್ತ್ರಜ್ಞ ಕಾರ್ಲ್ ಡಾಲ್ 1879ರಲ್ಲಿ ಡಾನ್‌ಜಿಗ್‌ನಲ್ಲಿ ಕಂಡುಕೊಂಡ ಈ ಕ್ರಮವೇ ಇಂದಿಗೂ ಜಗತ್ತಿನ ಬಹುಪಾಲು ತಿರುಳಿಗೆ ಆಧಾರ. ಬೆಂದ ಮೇಲೆ ನಾರನ್ನು ತೊಳೆದು ತೆಗೆಯುತ್ತಾರೆ. ಉಳಿಯುವುದು ಬ್ಲ್ಯಾಕ್ ಲಿಕ್ಕರ್. ಹೆಸರಿಗೆ ತಕ್ಕಂತೆ ಕಪ್ಪು, ನೊರೆ ಕಟ್ಟುವ, ಮುಟ್ಟಿದರೆ ಚರ್ಮ ಜಾರುವ ನೀರು. ಕರಗಿದ ಲಿಗ್ನಿನ್ ಎಲ್ಲವೂ ಅದರಲ್ಲಿದೆ, ಹಾಕಿದ ಸೋಡಿಯಂ ಬಹುತೇಕ ಎಲ್ಲವೂ ಅದರಲ್ಲಿದೆ.

ಇಲ್ಲಿಂದ ಮುಂದಿನದು ನಾನು ಕಂಡ ಎಂಜಿನಿಯರಿಂಗ್ ಕೆಲಸಗಳಲ್ಲೆಲ್ಲ ಬಹಳ ಸುಂದರವಾದದ್ದು. ಕಪ್ಪು ನೀರನ್ನು ಸಾಲು ಇವಾಪೊರೇಟರುಗಳಲ್ಲಿ ಕುದಿಸಿ ಕಾಕಂಬಿಯಷ್ಟು ಗಟ್ಟಿ ಮಾಡುತ್ತಾರೆ. ಆಮೇಲೆ ರಿಕವರಿ ಬಾಯ್ಲರಿನ ಕುಲುಮೆಯೊಳಗೆ ಸಿಂಪಡಿಸುತ್ತಾರೆ. ಲಿಗ್ನಿನ್ ಉರಿಯುತ್ತದೆ, ಕಾರ್ಖಾನೆಗೆ ಬೇಕಾದ ಉಗಿ ಹುಟ್ಟುತ್ತದೆ. ಸೋಡಿಯಂ ಉರಿಯುವುದಿಲ್ಲ. ಕರಗಿ, ಕೆಂಪಗೆ ಹೊಳೆಯುತ್ತ ತಳಕ್ಕೆ ಇಳಿಯುತ್ತದೆ. ಅದನ್ನು ನೀರಿನಲ್ಲಿ ಕರಗಿಸಿ ಸುಣ್ಣ ಹಾಕಿದರೆ ಮತ್ತೆ ಕಾಸ್ಟಿಕ್ ಆಗುತ್ತದೆ, ಮತ್ತೆ ಡೈಜೆಸ್ಟರಿಗೆ ಹೋಗುತ್ತದೆ. ಉಳಿದ ಸುಣ್ಣದ ಕೆಸರನ್ನು ಸುಟ್ಟರೆ ಮತ್ತೆ ಸುಣ್ಣ. ಒಳ್ಳೆಯ ಕಾರ್ಖಾನೆಯಲ್ಲಿ 100ರಲ್ಲಿ 95ಕ್ಕಿಂತ ಹೆಚ್ಚು ಪಾಲು ಸೋಡಿಯಂ ಹೀಗೆ ಸುತ್ತು ಹೊಡೆಯುತ್ತಲೇ ಇರುತ್ತದೆ.

ನಾನು ಕೆಲಸಕ್ಕೆ ಸೇರಿದಾಗ ಎಲ್ಲ ಹೊಸಬರಂತೆ ಪೇಪರ್ ಮಷೀನಿನ ಕಡೆಗೇ ನನ್ನ ಕಣ್ಣು. ಜರಡಿಯ ಮೇಲೆ ಬೀಳುವಾಗ 100 ಪಾಲಿನಲ್ಲಿ 99 ಪಾಲು ನೀರಾಗಿರುವ ತಿರುಳು ಅದೇ ಮಷೀನಿನ ಕೊನೆಯಲ್ಲಿ ಒಣ ಹಾಳೆಯಾಗಿ ಸುತ್ತಿಕೊಳ್ಳುವುದನ್ನು ನೋಡುತ್ತ ನಿಲ್ಲಬೇಕೆನಿಸುತ್ತದೆ. ನನ್ನನ್ನು ಹಾಕಿದ್ದು ರಿಕವರಿ ವಿಭಾಗಕ್ಕೆ. ಅಲ್ಲಿ ಬಿಸಿ, ವಾಸನೆ, ಕಪ್ಪು. ಅತಿಥಿಗಳು ಬಂದರೆ ಅತ್ತ ಯಾರೂ ಕರೆತರುತ್ತಿರಲಿಲ್ಲ. ಅಲ್ಲಿನ ಹಿರಿಯ ಶಿಫ್ಟ್ ಇನ್‌ಚಾರ್ಜ್ ಒಬ್ಬರು ಕಚೇರಿಯ ಲೆಕ್ಕದ ಹೊರತಾಗಿ ತಮ್ಮದೇ ಒಂದು ಪುಸ್ತಕ ಇಟ್ಟಿದ್ದರು. ಒಂದು ಪುಟದಲ್ಲಿ ಆ ದಿನ ಖರೀದಿಸಿ ಹಾಕಿದ ಸೋಡಿಯಂ, ಎದುರು ಪುಟದಲ್ಲಿ ಅದು ಹೋದ ದಾರಿಗಳು: ತೊಳೆದ ತಿರುಳಿನ ಜತೆ ಹೋದದ್ದು, ಹೊಗೆಯ ಜತೆ ಹೋದದ್ದು, ಪಂಪಿನ ಸೀಲಿನಿಂದ ಸೋರಿದ್ದು. ಎರಡು ಪುಟ ಹೊಂದದಿದ್ದರೆ ಅವರು ಮನೆಗೆ ಹೋಗುತ್ತಿರಲಿಲ್ಲ; ಟಾರ್ಚ್ ಹಿಡಿದು ಚರಂಡಿಗಳ ಉದ್ದಕ್ಕೂ ನಡೆಯುತ್ತಿದ್ದರು. "ಉತ್ಪಾದನೆಯ ಅಂಕಿ ಎಲ್ಲರೂ ನೋಡ್ತಾರೆ. ನಷ್ಟದ ಅಂಕಿ ನೋಡೋರು ಯಾರೂ ಇರೂದಿಲ್ಲ. ನೀ ಅದನ್ನ ನೋಡು" ಎಂದು ನನಗೆ ಹೇಳಿದರು. ಕಾಲೇಜಿನಲ್ಲಿ ಮಾಸ್ ಬ್ಯಾಲೆನ್ಸ್ ಎಂಬ ಪಾಠವನ್ನು ನಾನು ಅಂಕಗಳಿಗಾಗಿ ಓದಿದ್ದೆ. ಅದು ಒಬ್ಬ ಮನುಷ್ಯನ ನಡತೆಯಾಗಬಲ್ಲದು ಎಂಬುದನ್ನು ಅವರಲ್ಲಿ ಕಂಡೆ.

ಅಂಕಿಗಳಲ್ಲೇ ಹೇಳುತ್ತೇನೆ. ಒಂದು ಟನ್ ತಿರುಳಿಗೆ ಸುಮಾರು 250 ಕಿಲೋ ಕಾಸ್ಟಿಕ್ ಬೇಕು ಎಂದು ಹಿಡಿಯಿರಿ. ದಿನಕ್ಕೆ 100 ಟನ್ ತೆಗೆಯುವ ಕಾರ್ಖಾನೆ, ನಮ್ಮ ಕಾಲಕ್ಕೆ ಸಣ್ಣದೇ, 25 ಟನ್ ಕಾಸ್ಟಿಕ್ ಬಳಸುತ್ತದೆ. 95 ಪಾಲು ಮರಳಿ ಪಡೆದರೂ ದಿನಕ್ಕೆ 1.25 ಟನ್ ಹೊರಗೆ ಹೋಗುತ್ತದೆ. ಮರಳಿ ಪಡೆಯುವ ವ್ಯವಸ್ಥೆಯೇ ಇಲ್ಲದಿದ್ದರೆ 25 ಟನ್ ಅಷ್ಟೂ, ಪ್ರತಿದಿನ, ಹಳ್ಳಕ್ಕೆ. 1970 ಮತ್ತು 80ರ ದಶಕಗಳಲ್ಲಿ ಉತ್ತರ ಭಾರತದಲ್ಲಿ ಹುಲ್ಲು, ಕಬ್ಬಿನ ಸಿಪ್ಪೆಗಳಿಂದ ಕಾಗದ ಮಾಡುವ ಸಣ್ಣ ಕಾರ್ಖಾನೆಗಳು ಬಹಳ ಎದ್ದವು. ಹಳ್ಳಿಗೆ ಉದ್ಯೋಗ, ಕಾಡಿಗೆ ರಕ್ಷಣೆ ಎಂಬುದು ಅವುಗಳ ಪರವಾದ ವಾದ. ಎರಡೂ ಒಳ್ಳೆಯ ಮಾತುಗಳೇ. ಆದರೆ ರಿಕವರಿ ಬಾಯ್ಲರ್ ಹಾಕಲು ಅವುಗಳಿಗೆ ಬಂಡವಾಳ ಇರಲಿಲ್ಲ, ಕಪ್ಪು ನೀರು ನೇರವಾಗಿ ಹೊಳೆಗಳಿಗೆ ಹೋಯಿತು. 2003ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕೈಗಾರಿಕೆಗಳೊಂದಿಗೆ ಮಾಡಿಕೊಂಡ ಒಡಂಬಡಿಕೆಯಲ್ಲಿ ಅಂಥ ಕಾರ್ಖಾನೆಗಳ ಮುಂದೆ ಇಟ್ಟದ್ದು ಮುಖ್ಯವಾಗಿ ಎರಡು ದಾರಿ: ರಾಸಾಯನಿಕ ಮರಳಿ ಪಡೆಯಿರಿ, ಇಲ್ಲವೇ ರದ್ದಿ ಕಾಗದಕ್ಕೆ ಹೊರಳಿರಿ. ಆ ಎಚ್ಚರ ಬರುವುದಕ್ಕೆ ಮೂರು ದಶಕ ಬೇಕಾಯಿತು.

ರಜೆಗೆಂದು ಊರಿಗೆ ಬಂದಾಗೊಮ್ಮೆ ನಮ್ಮ ಕಾಕಾ ಕೇಳಿದ್ದರು: "ಅಲ್ಲೋ ತಮ್ಮಾ, ಕಾಗದ ಆದ ಮ್ಯಾಲ ಉಳದ ನೀರು ಎಲ್ಲಿ ಬಿಡ್ತೀರಿ?" ಹೊಲಕ್ಕೆ ಬಿಡುತ್ತಾರೆ ಕಾಕಾ, ಶುದ್ಧಮಾಡಿ ಬಿಡುತ್ತಾರೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆಂಪು ಮಸಾರಿ ತಡಕೊಂಡೀತು. ನಮ್ಮ ಎರಿ ತಡಕೊಳ್ಳೂದಿಲ್ಲ" ಎಂದರು. ಅವರಿಗೆ ಸೋಡಿಯಂ ಎಂಬ ಹೆಸರು ಗೊತ್ತಿರಲಿಲ್ಲ. ಆದರೆ ಅವರು ಹೇಳಿದ್ದು ಮಣ್ಣು ವಿಜ್ಞಾನದ ಪುಸ್ತಕದಲ್ಲಿರುವ ಮಾತೇ.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈ ನಾಲ್ಕು ತಾಲೂಕುಗಳ ಮುಂದಿನ 50 ವರ್ಷ ಇದರ ಮೇಲೆ ನಿಂತಿದೆ. ಎರೆಮಣ್ಣಿನ ಜಿಗುಟು ಕಣಗಳು ಕ್ಯಾಲ್ಸಿಯಂ ಹಿಡಿದುಕೊಂಡಿರುವವರೆಗೆ ಹೆಂಟೆಯಾಗಿ ಕೂಡಿರುತ್ತವೆ. ನೀರು ಇಳಿಯುತ್ತದೆ, ಬೇರು ಉಸಿರಾಡುತ್ತದೆ. ಸೋಡಿಯಂ ಹೆಚ್ಚಾದಾಗ ಅದು ಕ್ಯಾಲ್ಸಿಯಮ್ಮನ್ನು ಹೊರದಬ್ಬಿ ಆ ಜಾಗದಲ್ಲಿ ಕೂರುತ್ತದೆ. ಕಣಗಳು ಬಿಡಿಬಿಡಿಯಾಗಿ, ತೇಲಿ, ಮಣ್ಣಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತವೆ. ಮೇಲೆ ನೀರು ನಿಲ್ಲುತ್ತದೆ, ಒಣಗಿದರೆ ಕಲ್ಲಾಗುತ್ತದೆ. ನಾವು ಸವಳು ಭೂಮಿ ಎನ್ನುವುದು ಇದನ್ನೇ. ಮಳೆಯನ್ನೇ ನಂಬಿದ್ದಾಗ ಈ ಎರೆಮಣ್ಣು ಚಿನ್ನ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಮುಂದೆ ನಾರಾಯಣಪುರದ ಎಡದಂಡೆ ಕಾಲುವೆ, ಇಂಡಿ ಶಾಖಾ ಕಾಲುವೆ, ಮುಳವಾಡ ಮತ್ತು ಚಿಮ್ಮಲಗಿ ಏತ ನೀರಾವರಿಗಳು ಬಂದವು. ಬಾಯಾರಿದ ನೆಲಕ್ಕೆ ನೀರು ಬಂದದ್ದನ್ನು ನಾನು ಕಣ್ಣಾರೆ ಕಂಡು ಸಂತೋಷಪಟ್ಟವನು. ಆದರೆ ಬಸಿಗಾಲುವೆ ಇಲ್ಲದೆ ಎರೆಮಣ್ಣಿಗೆ ನೀರುಣಿಸುತ್ತ ಹೋದರೆ ಕೆಳಗಿನ ಉಪ್ಪು ಮೇಲಕ್ಕೆ ಬರುತ್ತದೆ. ಕಾಲುವೆ ನೀರು ಒಂದೇ ಇದನ್ನು ಮಾಡಬಲ್ಲದು ಎಂದ ಮೇಲೆ ಕಾರ್ಖಾನೆಯ ಸೋಡಿಯಂ ಅದರ ಮೇಲೆ ಬಿದ್ದರೆ ಏನಾಗಬಹುದು ಎಂದು ನೀವೇ ಯೋಚಿಸಿ. ಕಾರ್ಖಾನೆಯ ನೀರು ನೋಡಲು ತಿಳಿಯಾಗಿರಬಹುದು, ಮೀನು ಬದುಕಬಹುದು, ಆದರೂ ಅದರಲ್ಲಿ ಕರಗಿದ ಸೋಡಿಯಂ ಇರುತ್ತದೆ. ಯಾವ ಬ್ಯಾಕ್ಟೀರಿಯಾವೂ ಅದನ್ನು ತಿನ್ನುವುದಿಲ್ಲ. ಜಿಪ್ಸಂ ಹಾಕಿ ಹೊಲ ತಿದ್ದಬಹುದು. ಅದರ ಖರ್ಚು ರೈತನ ತಲೆಗೆ ಬರುತ್ತದೆ.

ಹೊಲದಲ್ಲಿ ಇರುವವನಿಗೆ ಗೊತ್ತಿರುವುದನ್ನು ಎಂಜಿನಿಯರ್ ಕೇಳಿ ತಿಳಿಯಬೇಕು ಎಂಬುದಕ್ಕೆ ನಮ್ಮ ರಾಜ್ಯದ ಕಾಗದ ಉದ್ಯಮದಲ್ಲೇ ದೊಡ್ಡ ನಿದರ್ಶನವಿದೆ. ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1955ರಲ್ಲಿ ಸ್ಥಾಪನೆಯಾಯಿತು. ಉತ್ತರ ಕನ್ನಡದ ಬಿದಿರು ಅದರ ಕಚ್ಚಾ ಮಾಲು, ಸರ್ಕಾರ ಬಹು ಅಗ್ಗದ ದರಕ್ಕೆ ಕೊಟ್ಟದ್ದು. ಅದೇ ಬಿದಿರಿಗೆ ಬುಟ್ಟಿ ಹೆಣೆಯುವ ಮೇದಾರರು ಕೊಡುತ್ತಿದ್ದ ಬೆಲೆ ಎಷ್ಟೋ ಪಟ್ಟು ಹೆಚ್ಚು. ಬಿದಿರು ತೀರುತ್ತ ಬಂದಾಗ, 1970ರ ದಶಕದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಅಧ್ಯಯನಕ್ಕೆ ಇಳಿದರು. ಕಾಡಿನಲ್ಲಿ ಇದೆ ಎಂದು ಕಾಗದದ ಮೇಲೆ ಬರೆದಿದ್ದ ಬಿದಿರಿಗೂ ನಿಜವಾಗಿ ಇದ್ದದ್ದಕ್ಕೂ ಬಹಳ ಅಂತರವಿತ್ತು. ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿದೆ. ಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆ ಇರುತ್ತದೆ. ಅದನ್ನು ಸವರಿ ಶುಚಿಮಾಡಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆ ಎಂದು ಮೇಲಿನವರು ನಂಬಿದ್ದರು. ಮುಳ್ಳು ತೆಗೆಯಬೇಡಿ, ಎಳೆ ಕಳಲೆಯನ್ನು ದನ ಮತ್ತು ಕಾಡುಪ್ರಾಣಿಗಳಿಂದ ಕಾಯುವುದೇ ಅದು ಎಂದು ಹಳ್ಳಿಯವರು ಹೇಳುತ್ತಿದ್ದರು. ಅಳೆದು ನೋಡಿದಾಗ ಹಳ್ಳಿಯವರ ಮಾತೇ ಸರಿಯಾಗಿತ್ತು. ಅಷ್ಟು ವರ್ಷ ಕಾರ್ಖಾನೆಯಲ್ಲಿ ಓದಿದವರಿಗೆ ಕೊರತೆ ಇರಲಿಲ್ಲ. ಮೆಳೆಯ ಪಕ್ಕ ಬದುಕುವವರನ್ನು ಕೇಳಿದವರು ಇರಲಿಲ್ಲ.

ಕೇಳದೆ ಹೋದರೆ ಜನ ಕೇಳುವಂತೆ ಮಾಡುತ್ತಾರೆ ಎಂಬುದು ತುಂಗಭದ್ರೆಯ ದಡದಲ್ಲಿ ಗೊತ್ತಾಯಿತು. ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ನೀಲಗಿರಿ ಮರದಿಂದ ರೇಯಾನ್ ದರ್ಜೆಯ ತಿರುಳು ತೆಗೆಯುವ ಕಾರ್ಖಾನೆ. ನದಿಯ ಕೆಳಹರಿವಿನ ಹಳ್ಳಿಗಳು ನೀರಿನ ಬಣ್ಣ, ಮೀನಿನ ಸಾವುಗಳ ವಿರುದ್ಧ 1980ರ ದಶಕದಲ್ಲಿ ದನಿ ಎತ್ತಿದವು; ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮುಂದೆ ನಿಂತಿತು. ಕಾರ್ಖಾನೆಗೆ ಮರ ಬೆಳೆಸಲು 1984ರಲ್ಲಿ ಹುಟ್ಟಿದ ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿಗೆ ಸುಮಾರು 30,000 ಹೆಕ್ಟೇರ್ ಸರ್ಕಾರಿ ಭೂಮಿ ಕೊಡಲು ಹೊರಟಾಗ, 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಅರ್ಜಿದಾರರಾದರು. 1991ರಲ್ಲಿ ಆ ಕಂಪನಿ ಮುಚ್ಚಿತು. ಈ ಉದ್ಯಮದಲ್ಲಿ ಅನ್ನ ಉಂಡವನಾಗಿ ಹೇಳುತ್ತೇನೆ: ಆ ಹೋರಾಟದಿಂದ ನಮ್ಮ ಕಸುಬು ಉತ್ತಮವಾಯಿತು. ಒಂದು ಟನ್ ಕಾಗದಕ್ಕೆ 200 ಘನ ಮೀಟರಿಗಿಂತ ಹೆಚ್ಚು ನೀರು ಸುರಿಯುತ್ತಿದ್ದ ಉದ್ಯಮ ಇಂದು ಒಳ್ಳೆಯ ಕಡೆಗಳಲ್ಲಿ 50ಕ್ಕಿಂತ ಕೆಳಗೆ ಇಳಿದಿದೆ. ಕ್ಲೋರಿನ್ ಅನಿಲದಿಂದ ತಿರುಳನ್ನು ಬಿಳಿಮಾಡುವಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆಂದು 1980ರ ದಶಕದಲ್ಲಿ ತಿಳಿದ ಮೇಲೆ ಆಮ್ಲಜನಕ, ಕ್ಲೋರಿನ್ ಡಯಾಕ್ಸೈಡ್ ಬಂದವು. ಇವೆಲ್ಲ ಹೊರಗಿನವರ ಒತ್ತಾಯವಿಲ್ಲದೆ ಇಷ್ಟು ಬೇಗ ಆಗುತ್ತಿರಲಿಲ್ಲ.

ಭದ್ರಾವತಿಯ ಕತೆ ಬೇರೆ, ನೋವಿನದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ, ಹುಟ್ಟಿದ ಮೈಸೂರು ಪೇಪರ್ ಮಿಲ್ಸ್ 1977ರಲ್ಲಿ ಸರ್ಕಾರಿ ಕಂಪನಿಯಾಯಿತು, 1981ರಿಂದ ಪತ್ರಿಕಾ ಕಾಗದ ತೆಗೆಯಿತು. ಹಳೆಯ ಯಂತ್ರ ಒಂದು ಕಡೆ, ಹೊರದೇಶದ ಅಗ್ಗದ ಪತ್ರಿಕಾ ಕಾಗದ ಇನ್ನೊಂದು ಕಡೆ. ಕಳೆದ ದಶಕದ ನಡುವೆ ಮಷೀನು ನಿಂತಿತು. ಒಂದು ಊರೇ ಕಾರ್ಖಾನೆಯ ಸೈರನ್ನಿಗೆ ಹೊಂದಿಕೊಂಡು ಬದುಕಿದ್ದಾಗ ಅದು ನಿಂತರೆ ಏನಾಗುತ್ತದೆ ಎಂಬುದನ್ನು ಅಲ್ಲಿಗೆ ಹೋಗಿ ನೋಡಬೇಕು. ಅದಕ್ಕೇ ಯುವಕರಿಗೆ ಹೇಳುತ್ತೇನೆ, ಒಂದು ಮಷೀನಿಗೆ ನಿಮ್ಮ ವಿದ್ಯೆಯನ್ನು ಕಟ್ಟಿಹಾಕಬೇಡಿ. ಇವಾಪೊರೇಟರ್, ಬಾಯ್ಲರ್, ನೀರಿನ ಶುದ್ಧೀಕರಣ, ಇವು ಕೈಗೆ ಬಂದರೆ ಯಾವ ಕಾರ್ಖಾನೆಯ ಬಾಗಿಲಾದರೂ ತೆರೆಯುತ್ತದೆ.

ಈಗ ನಮ್ಮ ನೆಲಕ್ಕೆ ಬರೋಣ. ಈ ಭಾಗದಲ್ಲಿ ಕಾಗದದ ಕಾರ್ಖಾನೆ ಯಾಕೆ ಆಗಬಾರದು ಎಂದು ನನ್ನನ್ನು ಬಹಳ ಮಂದಿ ಕೇಳಿದ್ದಾರೆ. ಕಬ್ಬು ಇದೆ, ಸಿಪ್ಪೆ ಇದೆ. ಇಂಡಿ ತಾಲೂಕಿನಲ್ಲಿ ಮರಗೂರು, ಹಾವಿನಾಳ, ಸಿಂದಗಿ ಕಡೆ ಆಲಮೇಲ, ಮಲಘಾಣ, ಮುದ್ದೇಬಿಹಾಳದಲ್ಲಿ ಯರಗಲ್ಲ, ಎಲ್ಲೆಡೆ ಸಕ್ಕರೆ ಕಾರ್ಖಾನೆಗಳು. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಇದೆ. ಹೊಲದ ಬದುವಿನಲ್ಲಿ ಬೆಳೆಯುವ ನಮ್ಮ ಪುಂಡಿ ಇದೆ. ರೊಟ್ಟಿಗೆ ಅದರ ಪಲ್ಯ ತಿಂದು, ನಾರಿನಿಂದ ಹಗ್ಗ ಹೊಸೆಯುತ್ತ ಬಂದಿದ್ದೇವೆ. ಅದರ ಕುಲದ ನಾರಿನಿಂದಲೇ ಥಾಯ್ಲೆಂಡಿನ ಖೋನ್ ಕೇನ್‌ನಲ್ಲಿ ತಿರುಳು ತೆಗೆದರು. ನಾರಿಗೆ ನಮ್ಮಲ್ಲಿ ಕೊರತೆ ಇಲ್ಲ ಎಂಬುದು ನಿಜ.

ಆದರೆ ಲೆಕ್ಕ ಹಾಕಿ. 100 ಟನ್ ಕಬ್ಬು ಅರೆದರೆ 28ರಿಂದ 30 ಟನ್ ಸಿಪ್ಪೆ ಬರುತ್ತದೆ, ಅದರಲ್ಲಿ ಅರ್ಧ ನೀರು. ಸಿಪ್ಪೆಯೊಳಗಿನ ಮೆತ್ತನೆಯ ಬೆಂಡು ಕಾಗದಕ್ಕೆ ಬರುವುದಿಲ್ಲ, ಅದನ್ನು ತೆಗೆಯಬೇಕು. ಕೊನೆಗೆ 1 ಟನ್ ಕಾಗದಕ್ಕೆ ಸುಮಾರು 6 ಟನ್ ಹಸಿ ಸಿಪ್ಪೆ ಬೇಕು. ಸಕ್ಕರೆ ಕಾರ್ಖಾನೆ ಚಳಿಗಾಲ ಬೇಸಿಗೆಗಳ ಕೆಲವೇ ತಿಂಗಳು ನಡೆಯುತ್ತದೆ, ಕಾಗದದ ಮಷೀನು ವರ್ಷವಿಡೀ ನಡೆಯಬೇಕು. ಸಿಪ್ಪೆಯನ್ನು ಕೊಳೆಯದಂತೆ ನೀರು ಹಾಯಿಸಿ ಗುಡ್ಡೆ ಹಾಕಿಡಬೇಕು. ಎಲ್ಲಕ್ಕಿಂತ ದೊಡ್ಡ ತೊಡಕು, ಆ ಸಿಪ್ಪೆ ಬಿಟ್ಟಿ ಬಿದ್ದಿಲ್ಲ. ಸಕ್ಕರೆ ಕಾರ್ಖಾನೆ ಅದನ್ನೇ ಉರಿಸಿ ತನ್ನ ಉಗಿ ಮಾಡಿಕೊಳ್ಳುತ್ತದೆ, ವಿದ್ಯುತ್ ಮಾಡಿ ಮಾರುತ್ತದೆ. ಕರೂರು ಬಳಿಯ ಕಾಗಿದಪುರಂನಲ್ಲಿ 1984ರಿಂದ ನಡೆಯುತ್ತಿರುವ ತಮಿಳುನಾಡು ನ್ಯೂಸ್‌ಪ್ರಿಂಟ್ ಈ ತೊಡಕನ್ನು ಬಿಡಿಸಿದ್ದು ಸಕ್ಕರೆ ಕಾರ್ಖಾನೆಗಳಿಗೆ ಬದಲಿಗೆ ಉಗಿ ಕೊಟ್ಟು. ಅದು ಸರ್ಕಾರದ ಬೆಂಬಲ, ದೊಡ್ಡ ಬಂಡವಾಳ, ಪೂರ್ಣ ರಿಕವರಿ ಇದ್ದ ಯೋಜನೆ. ಶ್ರೀರಂಗಪಟ್ಟಣದ ಹತ್ತಿರ ಬೆಳಗೊಳದಲ್ಲಿ ಅದಕ್ಕೂ ಮೊದಲೇ ಕಬ್ಬಿನ ಸಿಪ್ಪೆಯನ್ನು ನಂಬಿ ಎದ್ದ ಮಂಡ್ಯ ನ್ಯಾಷನಲ್ ಪೇಪರ್ ಮಿಲ್ಸ್ ಉಳಿಯಲಿಲ್ಲ. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ರಿಕವರಿ ಇಲ್ಲದ ಸಣ್ಣ ತಿರುಳು ಕಾರ್ಖಾನೆ ಭೀಮೆಗೂ ಕೃಷ್ಣೆಗೂ ನಡುವೆ ಒಂದೂ ಬರಕೂಡದು. ರಿಕವರಿ ಇರುವ ದೊಡ್ಡದು ಬರುವುದಾದರೆ, ಅದರ ಸೋಡಿಯಂ ಲೆಕ್ಕ ನೋಡಿ ಆಮೇಲೆ ಮಾತಾಡೋಣ. ಹೊರಗಿನಿಂದ ತಿರುಳು ತಂದು ತಟ್ಟೆ, ಬಟ್ಟಲು ಅಚ್ಚು ಹಾಕುವ ಘಟಕಗಳಿಗೆ ನನ್ನ ಅಡ್ಡಿ ಇಲ್ಲ. ಅಲ್ಲಿ ಬೇಯಿಸುವ ಕೆಲಸವಿಲ್ಲ.

ಹಾಗಾದರೆ ಕಾಗದದ ವಿದ್ಯೆ ಇಲ್ಲಿ ಯಾರಿಗೆ ಬೇಕು? ನನ್ನ ಉತ್ತರ ಕೇಳಿ ಕೆಲವರಿಗೆ ಆಶ್ಚರ್ಯವಾಗಬಹುದು. ಅದು ಇಲ್ಲಿನ ಡಿಸ್ಟಿಲರಿಗಳಿಗೆ ಬೇಕು. ಕಾಕಂಬಿಯಿಂದ 1 ಲೀಟರ್ ಮದ್ಯಸಾರ ತೆಗೆದರೆ 8ರಿಂದ 15 ಲೀಟರ್ ಕಡುಕಂದು ಸ್ಪೆಂಟ್ ವಾಶ್ ಉಳಿಯುತ್ತದೆ. ಪೆಟ್ರೋಲಿಗೆ ಎಥನಾಲ್ ಬೆರೆಸುವ ನೀತಿಯಿಂದ ಅದರ ಪ್ರಮಾಣ ಬೆಳೆಯುತ್ತಲೇ ಇದೆ. ಈಗ ಅದನ್ನು ಇವಾಪೊರೇಟರಿನಲ್ಲಿ ಗಟ್ಟಿಮಾಡಿ ವಿಶೇಷ ಬಾಯ್ಲರಿನಲ್ಲಿ ಉರಿಸುತ್ತಾರೆ. ಕಾಗದದವರ ರಿಕವರಿ ಬಾಯ್ಲರಿನ ಒಡಹುಟ್ಟು ಅದು. ಕೊಳವೆಗೆ ಕಟ್ಟುವ ಗಟ್ಟಿ ಪದರ, ಅಂಟುವ ಬೂದಿ, ಉರಿ ಕುಗ್ಗುವುದು, ನಾವು ಎದುರಿಸಿದ ತೊಂದರೆಗಳೇ ಅಲ್ಲಿ ಎದುರಾಗುತ್ತವೆ. ವ್ಯತ್ಯಾಸ ಒಂದು, ಅಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ. ಕಬ್ಬು ಹೊಲದಿಂದ ಎತ್ತಿಕೊಂಡ ಪೊಟ್ಯಾಸಿಯಂ ಕಾಕಂಬಿಗೆ ಬಂದು, ಬೂದಿಗೆ ಬಂದು ನಿಲ್ಲುತ್ತದೆ. ಆ ಬೂದಿಯಿಂದ ಮಾಡುವ ಪೊಟ್ಯಾಶ್ ಗೊಬ್ಬರವನ್ನು 2021ರಲ್ಲಿ ಕೇಂದ್ರ ಸರ್ಕಾರ ರಸಗೊಬ್ಬರದ ಸಹಾಯಧನಕ್ಕೆ ಸೇರಿಸಿದೆ. ಇದುವರೆಗೆ ಪೊಟ್ಯಾಶ್‌ಗಾಗಿ ನಾವು ಹೊರದೇಶಕ್ಕೇ ಕೈಚಾಚಿದ್ದೆವು. ಆಲಮೇಲದ ಹೊಲದ್ದು ಆಲಮೇಲದ ಹೊಲಕ್ಕೇ ಮರಳುವಂತೆ ಮಾಡುವ ಹುಡುಗಿಯೊಬ್ಬಳು ಈ ಸಭೆಯಲ್ಲಿ ಇರಬಹುದು. ಬಸವನ ಬಾಗೇವಾಡಿ ಕಡೆ ಕೂಡಗಿಯ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರಕ್ಕೂ ನೀರಿನ ರಸಾಯನ ತಿಳಿದವರು ಬೇಕು. ನೌಕರಿಗೆಂದು ಪುಣೆ, ಬೆಂಗಳೂರಿಗೆ ಹೋಗಲೇಬೇಕೆಂದಿಲ್ಲ. ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ. ಕಾಗದವನ್ನೇ ಕಲಿಯುವ ಮನಸ್ಸಿದ್ದರೆ ಸಹಾರನ್‌ಪುರದಲ್ಲಿ ಕಾಗದ ತಂತ್ರಜ್ಞಾನ ಕಲಿಸುವ ಐಐಟಿ ರೂರ್ಕಿಯ ವಿಭಾಗವಿದೆ.

ಕೆಲಸಕ್ಕೆ ಹೋಗುವವರಿಗೆ ಒಂದು ಮಾತನ್ನು ತಂದೆತಾಯಿಗಳ ಎದುರಿಗೇ ಹೇಳಬೇಕು. ತಿರುಳಿನ ತೊಟ್ಟಿಯಾಗಲಿ, ಸ್ಪೆಂಟ್ ವಾಶ್ ಹೊಂಡವಾಗಲಿ, ಕೆಲವು ದಿನ ನಿಂತರೆ ಒಳಗೆ ಹೈಡ್ರೋಜನ್ ಸಲ್ಫೈಡ್ ಕೂಡುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ನಾತ. ಹೆಚ್ಚಾದಾಗ ಮೂಗಿನ ಶಕ್ತಿಯೇ ಹೋಗಿ ಏನೂ ಇಲ್ಲ ಎನಿಸುತ್ತದೆ. ಒಬ್ಬ ಇಳಿದು ಬೀಳುತ್ತಾನೆ, ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನೂ ಬೀಳುತ್ತಾನೆ. ಇಂಥ ಸಾವುಗಳಲ್ಲಿ ರಕ್ಷಿಸಲು ಹೋದವರದ್ದೇ ದೊಡ್ಡ ಪಾಲು. ಅನಿಲ ಅಳೆಯದೆ, ಗಾಳಿ ಊದದೆ, ಹಗ್ಗ ಕಟ್ಟಿಕೊಳ್ಳದೆ, ಮೇಲೆ ಕಾವಲಿಲ್ಲದೆ ಯಾವ ಸಾಹೇಬ ಹೇಳಿದರೂ ಇಳಿಯಬೇಡಿ. ನೀವೇ ಸಾಹೇಬರಾದರೆ ಇಳಿಸಬೇಡಿ. ರಿಕವರಿ ಬಾಯ್ಲರಿನಲ್ಲಿ ಕೊಳವೆ ಒಡೆದು ಕರಗಿದ ಸೋಡಾದ ಮೇಲೆ ನೀರು ಬಿದ್ದರೆ ಸ್ಫೋಟವಾಗುತ್ತದೆ. ಅನುಮಾನ ಬಂದ ಕ್ಷಣವೇ ಆಪರೇಟರ್ ತುರ್ತು ಗುಂಡಿ ಒತ್ತಬೇಕು. ಅನುಮಾನ ಸುಳ್ಳಾದರೆ ಒಂದು ದಿನದ ಉತ್ಪಾದನೆ ಹೋಗುತ್ತದೆ. ಹಾಗೆ ಒತ್ತಿದವನನ್ನು ಎಂದೂ ಬೈಯಬಾರದು. ಒಮ್ಮೆ ಬೈದರೆ ಮುಂದಿನ ಸಲ ಅವನು ತಡಮಾಡುತ್ತಾನೆ. ನಾನು ಅಧಿಕಾರದಲ್ಲಿದ್ದಾಗ ಇದೊಂದನ್ನು ಹಟಹಿಡಿದು ನಡೆಸಿದೆ. ಲಾಗ್‌ಬುಕ್ಕನ್ನು ಕನ್ನಡದಲ್ಲಿ ಬರೆಯಲು ಬಿಟ್ಟದ್ದೂ ಇದೇ ಕಾರಣಕ್ಕೆ. ಇಂಗ್ಲಿಷಿನಲ್ಲಿ ಎಲ್ಲವೂ ನಾರ್ಮಲ್ ಎಂದು ಒಂದು ಪದದಲ್ಲಿ ಮುಗಿಸುತ್ತಿದ್ದವರು ಕನ್ನಡದಲ್ಲಿ ಪಂಪಿನ ಸದ್ದು ಬದಲಾದುದನ್ನೂ ಬರೆಯತೊಡಗಿದರು.

ಸಾಹಿತ್ಯಾಸಕ್ತರ ಸಭೆಯಲ್ಲಿ ಕಾಗದದೊಳಗೆ ಉಳಿಯುವುದರ ಲೆಕ್ಕವನ್ನೂ ಹೇಳದೆ ಹೋಗಲಾರೆ. ಫ.ಗು. ಹಳಕಟ್ಟಿಯವರು ಹಳ್ಳಿಹಳ್ಳಿ ಅಲೆದು ವಚನಗಳ ಓಲೆಗರಿ ಕೂಡಿಸಿದರು. ವಚನಶಾಸ್ತ್ರಸಾರ 1923ರಲ್ಲಿ ಬಂತು. 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ, ಮರುವರ್ಷ ಶಿವಾನುಭವ ಪತ್ರಿಕೆ. ಅದಕ್ಕಾಗಿ ಅವರು ಮನೆಯನ್ನೇ ಮಾರಿದರು. ಓಲೆಗರಿಗಳು ಶತಮಾನಗಳನ್ನು ದಾಟಿ ಅವರ ಕೈಗೆ ಬಂದಿದ್ದವು. ಆದರೆ ಆ ಕಾಲದ ಗಿರಣಿ ಕಾಗದಕ್ಕೆ ಶಾಯಿ ಹರಡದಿರಲೆಂದು ರಾಳ ಮತ್ತು ಪಟಿಕ ಹಾಕುತ್ತಿದ್ದರು. ಜರ್ಮನಿಯ ಇಲ್ಲಿಗ್ 1807ರಲ್ಲಿ ಪ್ರಕಟಿಸಿದ ಕ್ರಮ ಅದು. ಪಟಿಕ ಕಾಗದದೊಳಗೆ ನಿಧಾನವಾಗಿ ಆಮ್ಲ ಬಿಡುತ್ತದೆ, ಆಮ್ಲ ನಾರನ್ನು ತುಂಡರಿಸುತ್ತದೆ. ನಮ್ಮ ಗ್ರಂಥಾಲಯಗಳಲ್ಲಿರುವ ಆ ಕಾಲದ ಪುಸ್ತಕಗಳ ಹಾಳೆ ಹಳದಿಯಾಗಿ, ಮಡಚಿದಲ್ಲಿ ಮುರಿಯುವುದು ಇದರಿಂದ. ಈಗಿನ ಕ್ಷಾರೀಯ ಕಾಗದದಲ್ಲಿ ಪಟಿಕದ ಬದಲು ಬೇರೆ ಪದಾರ್ಥ, ತುಂಬುವುದಕ್ಕೆ ಸುಣ್ಣದ ಕಲ್ಲಿನ ಪುಡಿ. ಅದು ಬಹಳ ಕಾಲ ಬಾಳುತ್ತದೆ. ನಮ್ಮ ಜಿಲ್ಲೆಯ ಸಂಘಸಂಸ್ಥೆಗಳು, ಮಠಗಳು ಪುಸ್ತಕ ಅಚ್ಚು ಹಾಕಿಸುವಾಗ ಆಮ್ಲರಹಿತ ಕಾಗದವೇ ಬೇಕೆಂದು ಮುದ್ರಕರಿಗೆ ಹೇಳಬೇಕು. ಹಳೆಯ ಸಂಪುಟಗಳನ್ನು ಬಿಸಿಲು, ತೇವಗಳಿಂದ ದೂರವಿಟ್ಟು, ಇನ್ನು ತಡಮಾಡದೆ ಅಂಕೀಕರಿಸಬೇಕು.

ಕೊನೆಯದಾಗಿ ನಿಮ್ಮಲ್ಲಿ ಒಂದು ಕೋರಿಕೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ತಿರುಳು ತೆಗೆಯುವ ಕಾಗದ ಕಾರ್ಖಾನೆ ಬರುವ ಮುನ್ನ ಸಾರ್ವಜನಿಕ ಅಹವಾಲು ನಡೆಯಬೇಕು. ಅದಕ್ಕೆ ಕನಿಷ್ಠ 30 ದಿನ ಮುಂಚೆ ಸೂಚನೆ ಕೊಡಬೇಕು. ಯೋಜನೆಯ ಸಾರಾಂಶ ಕನ್ನಡದಲ್ಲೂ ಇರಬೇಕು, ಜಿಲ್ಲಾಧಿಕಾರಿ ಕಚೇರಿ ಮತ್ತು ಜಿಲ್ಲಾ ಪಂಚಾಯಿತಿಯಲ್ಲಿ ಓದಲು ಸಿಗಬೇಕು. ನಮ್ಮ ತಾಲೂಕುಗಳಿಗೆ ಅಂಥ ಯೋಜನೆ ಬಂದ ದಿನ ಭಾಷಣ ಕೇಳಿ ಚಪ್ಪಾಳೆ ತಟ್ಟಲು ಅಥವಾ ಕೂಗಲು ಮಾತ್ರ ಹೋಗಬೇಡಿ. ಮೊದಲೇ ಆ ಸಾರಾಂಶ ತಂದು ಓದಿ, ಸೋಡಿಯಂ ಎಷ್ಟು ಒಳಗೆ ಬರುತ್ತದೆ, ಎಷ್ಟು ಹೊರಗೆ ಹೋಗುತ್ತದೆ, ಯಾವ ಹೊಲಕ್ಕೆ ಹೋಗುತ್ತದೆ ಎಂದು ಬರೆದುಕೊಂಡು ಹೋಗಿ ಕೇಳಿ. ಉತ್ತರವನ್ನು ಅಂಕಿಗಳಲ್ಲಿ, ಲಿಖಿತವಾಗಿ ಪಡೆಯಿರಿ.